ಚಿಕ್ಕ ಮಕ್ಕಳ ಶಾಲೆಯ ಬೂಟು: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳಿಗೆ ಕಲಿಸುತ್ತ ನನ್ನ ನೌಕರಿಯ ಬಹುಭಾಗ ಕಳೆಯಿತು. ತರಗತಿಯ ಬಾಗಿಲ ಹೊರಗೆ ಬಿಟ್ಟ ಬೂಟುಗಳ ಸಾಲನ್ನು ದಿನವೂ ನೋಡುತ್ತಿದ್ದವಳಿಗೆ, ಯಾವುದರ ಹಿಂಬದಿ ತುಳಿದು ಚಪ್ಪಟೆಯಾಗಿದೆ, ಯಾವುದರ ತುದಿಯಲ್ಲಿ ಚಿಂದಿ ಬಟ್ಟೆ ತುರುಕಿದೆ ಎಂಬುದರಿಂದಲೇ ಮನೆಯವರು ಅದನ್ನು ಹೇಗೆ ಕೊಂಡಿರಬಹುದೆಂದು ಹೇಳಲು ಬರುತ್ತಿತ್ತು. ಪಾಲಕರ ಸಭೆಗಳಲ್ಲಿ, ಪತ್ರಗಳಲ್ಲಿ, ಸಂತೆಯಲ್ಲಿ ಎದುರಾದಾಗ ಜನರು ಕೇಳಿದ, ಈಗಲೂ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲಿಯೇ ಇಟ್ಟು ಉತ್ತರ ಬರೆದಿದ್ದೇನೆ. ಹೇಳಿರುವುದೆಲ್ಲ ಮುಖ್ಯವಾಗಿ ಮೂರರಿಂದ ಎಂಟು ವರ್ಷದ ಮಕ್ಕಳ ಕುರಿತು.

## ಅಂಗಡಿಗೆ ಹೋಗುವ ಮೊದಲು

ಅಕ್ಕೋರೆ, ದೊಡ್ಡ ನಂಬರ್ ತಗೊಂಡ್ರ ಎರಡು ವರ್ಷ ಬರ್ತಾವಲ್ರಿ?

ಬರುವುದಿಲ್ಲ. ಮೊದಲ ವರ್ಷ ಅದು ಕಾಲಿಗೆ ನಿಲ್ಲುವುದಿಲ್ಲ, ಕಾಲಿಗೆ ಸರಿಹೋಗುವ ಹೊತ್ತಿಗೆ ಹರಿದಿರುತ್ತದೆ. ಈ ವಯಸ್ಸಿನ ಮಗುವಿನ ಪಾದ ಸುಮಾರಾಗಿ ತಿಂಗಳಿಗೆ 1 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಎರಡು ವರ್ಷದ ಬೆಳವಣಿಗೆಯನ್ನು ಮುಂಚಿತವಾಗಿಯೇ ಕೊಳ್ಳಬೇಕೆಂದರೆ ಹೆಚ್ಚುಕಡಿಮೆ ಮೂರು ನಂಬರು ದೊಡ್ಡ ಬೂಟು ಬೇಕಾಗುತ್ತದೆ. ಅಂಥದನ್ನು ಹಾಕಿಕೊಂಡು ಮಗು ನಡೆಯುವುದಿಲ್ಲ, ಎಳೆಯುತ್ತದೆ. ಸಡಿಲ ಬೂಟಿನಲ್ಲಿ ಪಾದ ಹಿಂದೆ ಮುಂದೆ ಜಾರಿ ಹಿಮ್ಮಡಿಗೆ ಗುಳ್ಳೆ ಏಳುತ್ತದೆ, ಬೂಟು ಕಳಚದಂತೆ ಹಿಡಿಯಲು ಮಗು ಬೆರಳುಗಳನ್ನು ಮುದುಡಿಕೊಂಡೇ ಇರುತ್ತದೆ, ಓಡುವಾಗ ಮುಗ್ಗರಿಸುತ್ತದೆ. ತುದಿಗೆ ಹತ್ತಿಯನ್ನೋ ಚಿಂದಿಯನ್ನೋ ತುರುಕಿದರೆ ಉದ್ದ ಕಡಿಮೆಯಾದಂತೆ ಕಾಣುತ್ತದೆಯೇ ಹೊರತು ಅಗಲವಾಗಲಿ ಹಿಮ್ಮಡಿಯ ಹಿಡಿತವಾಗಲಿ ಸರಿಹೋಗುವುದಿಲ್ಲ. ಹಣ ಉಳಿಸಬೇಕೆಂಬುದು ನ್ಯಾಯವೇ. ಆದರೆ ಅಳತೆಗೆ ಸರಿಯಾದ ಸಾಧಾರಣ ಬೆಲೆಯ ಬೂಟನ್ನು ವರ್ಷಕ್ಕೆ ಎರಡು ಸಲ ಕೊಳ್ಳುವುದು, ದೊಡ್ಡ ನಂಬರಿನ ದುಬಾರಿ ಬೂಟನ್ನು ಒಮ್ಮೆ ಕೊಳ್ಳುವುದಕ್ಕಿಂತ ಲೇಸು.

ಹಂಗಾದ್ರ ಬೆರಳಿನ ಮುಂದ ಎಷ್ಟ್ ಜಾಗ ಬಿಡಬೇಕು?

ಅತಿ ಉದ್ದನೆಯ ಬೆರಳಿನ ತುದಿಯಿಂದ 1 ಸೆಂಟಿಮೀಟರ್, ಹೆಚ್ಚೆಂದರೆ 1.2 ಸೆಂಟಿಮೀಟರ್, ದೊಡ್ಡವರ ಕಿರುಬೆರಳಿನ ಅಗಲ ಎಂದು ನೆನಪಿಟ್ಟುಕೊಳ್ಳಬಹುದು. ಅತಿ ಉದ್ದನೆಯದು ಹೆಬ್ಬೆರಳೇ ಆಗಿರಬೇಕೆಂದಿಲ್ಲ, ಎಷ್ಟೋ ಮಕ್ಕಳಿಗೆ ಪಕ್ಕದ ಬೆರಳೇ ಉದ್ದವಿರುತ್ತದೆ. ಈ ಜಾಗ ಬರಿ ಬೆಳವಣಿಗೆಗೆಂದು ಬಿಟ್ಟದ್ದಲ್ಲ. ಹೆಜ್ಜೆ ಇಡುವಾಗ ಪಾದ ಮುಂದಕ್ಕೆ ಸರಿಯುವುದರಿಂದ ಅದರಲ್ಲಿ ಅರ್ಧದಷ್ಟು ನಡಿಗೆಗೇ ಬೇಕು. ಆದ್ದರಿಂದ ಜಾಗ ಅರ್ಧ ಸೆಂಟಿಮೀಟರಿಗೆ ಇಳಿದಾಗ, ಬೂಟು ಹೊಸದರಂತೆ ಕಂಡರೂ, ಬದಲಿಸುವ ಕಾಲ ಬಂದಿದೆ.

ಮನ್ಯಾಗ ಕಾಲಿನ ಅಳತಿ ಹ್ಯಾಂಗ ತಗೋಬೇಕ್ರಿ?

ಶಹಾಬಾದ್ ಕಲ್ಲಿನ ಫರಸಿ ಇರುವ ನಮ್ಮ ಕಡೆಯ ಮನೆಗಳಲ್ಲಿ ಸಮತಟ್ಟಾದ ಗಟ್ಟಿ ನೆಲಕ್ಕೆ ಹುಡುಕಾಡಬೇಕಿಲ್ಲ. ಗೋಡೆಗೆ ತಾಗುವಂತೆ ಬಿಳಿ ಹಾಳೆ ಹಾಸಿ, ಶಾಲೆಗೆ ಹಾಕುವ ಕಾಲುಚೀಲವನ್ನೇ ತೊಡಿಸಿ, ಹಿಮ್ಮಡಿ ಗೋಡೆಗೆ ಮೆಲ್ಲಗೆ ತಾಗುವಂತೆ ಮಗುವನ್ನು ನಿಲ್ಲಿಸಿರಿ. ಕೂತ ಮಗುವಿನ ಪಾದವನ್ನು ಅಳೆಯಬಾರದು, ಏಕೆಂದರೆ ಮೈಭಾರ ಬಿದ್ದಾಗ ಪಾದವು ಉದ್ದಕ್ಕೂ ಅಗಲಕ್ಕೂ ಹರಡುತ್ತದೆ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಯಬೇಕು. ಓರೆಯಾಗಿ ಹಿಡಿದರೆ ಅದು ಅಂಗಾಲಿನ ಅಡಿಗೆ ನುಗ್ಗಿ ಅಳತೆ ಕಡಿಮೆ ಬರುತ್ತದೆ. ಒಬ್ಬರು ಗೆರೆ ಎಳೆಯುವಾಗ ಇನ್ನೊಬ್ಬರು ಎದುರಿಗೆ ನಿಂತು ಮಗುವನ್ನು ಮಾತನಾಡಿಸುತ್ತಿರಲಿ. ಇಲ್ಲವಾದರೆ ಮಗು ಪೆನ್ಸಿಲ್ ನೋಡಲು ಬಗ್ಗುತ್ತದೆ, ಭಾರ ಬೆರಳುಗಳ ಮೇಲೆ ಬೀಳುತ್ತದೆ.

ಎರಡೂ ಕಾಲುಗಳನ್ನು ಅಳೆಯಿರಿ. ಒಂದು ಪಾದ ತುಸು ದೊಡ್ಡದಿರುವುದು ಸಾಮಾನ್ಯ, ಬೂಟು ಆ ದೊಡ್ಡ ಪಾದಕ್ಕೆ ಹೊಂದಬೇಕು. ಹಾಳೆಯ ಮೇಲೆ ತಾರೀಖು ಬರೆದಿಡಿ. ಶಾಲೆ ಶುರುವಾಗುವಾಗ, ದಸರಾ ರಜೆಯಲ್ಲಿ ಮತ್ತು ಸಂಕ್ರಾಂತಿಯ ಹೊತ್ತಿಗೆ, ಹೀಗೆ ವರ್ಷಕ್ಕೆ ಮೂರು ಸಲ ಅಳೆದರೆ ಸಾಕು. ಜೂನ್‌ನಲ್ಲಿ ಸರಿಯಿದ್ದ ಬೂಟು ಸಂಕ್ರಾಂತಿಗೆ ಬಿಗಿಯಾಗಿರುವುದನ್ನು ನಾನು ವರ್ಷವರ್ಷವೂ ಕಂಡಿದ್ದೇನೆ.

ಮಗ ಊರಾಗ ಇರ್ತಾನ, ನಾ ಕಲಬುರಗಿಯಿಂದ ಬೂಟ್ ಒಯ್ಯಬೇಕು. ಕಡ್ಡಿ ಅಳತಿ ನಡೀತದೇನು?

ಕಡ್ಡಿಯೋ ದಾರವೋ ಉದ್ದವನ್ನು ಹೇಳುತ್ತದೆ, ಅಗಲವನ್ನು ಹೇಳುವುದಿಲ್ಲ. ಬೂಟು ಕಚ್ಚುವುದಾದರೋ ಹೆಚ್ಚಾಗಿ ಅಗಲದಲ್ಲಿಯೇ. ಮನೆಯವರಿಗೆ ಹೇಳಿ ಮೇಲಿನ ರೀತಿಯಲ್ಲಿ ಪಾದದ ಗೆರೆ ಎಳೆಸಿ, ಅದನ್ನು ರಟ್ಟಿನ ಮೇಲೆ ಅಂಟಿಸಿ ಕತ್ತರಿಸಿ ತರಿಸಿಕೊಳ್ಳಿರಿ. ಮೊಬೈಲಿನಲ್ಲಿ ಚಿತ್ರ ಕಳಿಸಿದರೆ ಅಳತೆ ನಿಲ್ಲುವುದಿಲ್ಲ, ರಟ್ಟೇ ಬೇಕು. ಅಂಗಡಿಯಲ್ಲಿ ಆ ರಟ್ಟನ್ನು ಬೂಟಿನೊಳಗೆ ಇಳಿಸಿ ನೋಡಿ: ಅಂಚುಗಳು ಮೇಲಕ್ಕೆ ಮಡಿಚಿಕೊಂಡರೆ ಬೂಟು ಇಕ್ಕಟ್ಟು. ಇದರ ಜೊತೆಗೆ ಪಾದದ ಉದ್ದಕ್ಕಿಂತ 1 ಸೆಂಟಿಮೀಟರ್ ಹೆಚ್ಚಿರುವ ಒಂದು ರಟ್ಟಿನ ಪಟ್ಟಿಯನ್ನೂ ಒಯ್ಯಿರಿ. ಅದು ಬಾಗದೆ ಒಳಗೆ ಮಲಗಿದರೆ ಉದ್ದ ಸಾಕಷ್ಟಿದೆ. ಅದರ ಹಿಂದೆ ಇನ್ನೂ ಬೆರಳು ತೂರುವಷ್ಟು ಜಾಗ ಉಳಿದರೆ ಬೂಟು ದೊಡ್ಡದು. ಮಗುವಿನ ಕಾಲಿಗೆ ಹೊಂದದಿದ್ದರೆ ಬದಲಿಸಿ ಕೊಡುವ ಮಾತನ್ನು ಹಣ ಕೊಡುವ ಮೊದಲೇ ಆಡಿಕೊಂಡು ಬಿಲ್ಲು ಇಟ್ಟುಕೊಳ್ಳಬೇಕು.

13 ನಂಬರ್ ಸಣ್ಣ ಆಯ್ತು ಅಂದ್ರ ಅಂಗಡಿಯವ 1 ನಂಬರ್ ಕೊಟ್ಟ. ಮೋಸ ಮಾಡಿದ್ನೇನು?

ಮೋಸವಲ್ಲ. ನಮ್ಮ ಅಂಗಡಿಗಳಲ್ಲಿ ನಡೆಯುವುದು ಬ್ರಿಟಿಷರ ಕಾಲದಿಂದ ಬಂದ ಇಂಚಿನ ಲೆಕ್ಕ. ಮಕ್ಕಳ ನಂಬರು 4 ಇಂಚಿನಿಂದ ಆರಂಭವಾಗಿ ಒಂದೊಂದು ನಂಬರಿಗೆ ಇಂಚಿನ ಮೂರನೆಯ ಒಂದು ಭಾಗದಂತೆ, ಅಂದರೆ ಸುಮಾರು 8.5 ಮಿಲಿಮೀಟರಿನಂತೆ ಏರುತ್ತದೆ. 13 ಮುಗಿದ ಮೇಲೆ ದೊಡ್ಡವರ ಸಾಲು ಮತ್ತೆ 1ರಿಂದ ಶುರುವಾಗುತ್ತದೆ. ಉದಾಹರಣೆಗೆ 17.5 ಸೆಂಟಿಮೀಟರ್ ಉದ್ದದ ಪಾದಕ್ಕೆ 1 ಸೆಂಟಿಮೀಟರ್ ಸೇರಿಸಿದರೆ 18.5, ಮಕ್ಕಳ 10 ನಂಬರಿನ ಉದ್ದ ಲೆಕ್ಕದಲ್ಲಿ 18.6 ಸೆಂಟಿಮೀಟರ್ ಆಗುತ್ತದೆ. ಕೆಲವು ಬೂಟುಗಳ ಮೇಲೆ ಕಾಣುವ 28, 30ರಂಥ ಸಂಖ್ಯೆಗಳು ಯುರೋಪಿನ ಲೆಕ್ಕದವು, ಅಲ್ಲಿ ಒಂದು ನಂಬರು ಸುಮಾರು 6.7 ಮಿಲಿಮೀಟರ್. ಒಂದೇ ನಂಬರು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ ಇರುವುದರಿಂದ, ಯಾವ ಡಬ್ಬಿಯನ್ನು ಮೊದಲು ತೆಗೆಸಬೇಕೆಂದು ತಿಳಿಯುವುದಕ್ಕಷ್ಟೇ ನಂಬರು ಬೇಕು.

## ಅಂಗಡಿಯಲ್ಲಿ

ಯಾವ ಹೊತ್ತಿನಲ್ಲಿ ಹೋದರೆ ಒಳ್ಳೆಯದು?

ಸಂಜೆ. ದಿನವೆಲ್ಲ ಓಡಾಡಿದ ಪಾದ ತುಸು ಉಬ್ಬಿರುತ್ತದೆ, ನಮ್ಮ ಬಿಸಿಲಿನಲ್ಲಿ ಇನ್ನಷ್ಟು. ಶಾಲೆ ಆರಂಭವಾಗುವ ಹಿಂದಿನ ದಿನ ಮಾತ್ರ ಹೋಗಬೇಡಿ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಆ ಗದ್ದಲದಲ್ಲಿ ನಿಮ್ಮ ಮಗುವನ್ನು ನಾಲ್ಕು ಹೆಜ್ಜೆ ನಡೆಸಿ ನೋಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

ಅಂಗಡ್ಯಾಗ ಕೇಳಿದ್ರ 'ಚೊಲೊ ಅದ' ಅಂತಾಳ, ನಾಕ್ ದಿನಕ್ಕ ಕಾಲ್ ನೋವು ಅಂತ ಅಳ್ತಾಳ. ಏನ್ ಮಾಡೋದ್ರಿ?

ಆರೇಳು ವರ್ಷದೊಳಗಿನ ಮಗುವಿನ ಮಾತಿನ ಮೇಲೆ ಬೂಟು ಕೊಳ್ಳಬಾರದು. ಅದು ಸುಳ್ಳು ಹೇಳುತ್ತದೆಂದಲ್ಲ. ಹೊಸ ಬೂಟಿನ ಸಂಭ್ರಮದಲ್ಲಿ ಬಿಗಿತ ಅದಕ್ಕೆ ಗೊತ್ತಾಗುವುದಿಲ್ಲ, ಗೊತ್ತಾದರೂ ಬೂಟು ಕೈತಪ್ಪಿ ಹೋದೀತೆಂದು ಹೇಳುವುದಿಲ್ಲ. ದೊಡ್ಡವರ ಕೈಯೇ ನೋಡಬೇಕು. ಆದರೆ ಎಲ್ಲರೂ ಮಾಡುವಂತೆ ಬೂಟಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುವುದನ್ನು ನಾನು ನೆಚ್ಚುವುದಿಲ್ಲ. ಒತ್ತಿದ ಕೂಡಲೇ ಮಕ್ಕಳು ಬೆರಳು ಮುದುಡಿಕೊಳ್ಳುತ್ತಾರೆ, ಒಳಗೆ ಜಾಗ ಇದ್ದಂತೆ ತೋರುತ್ತದೆ. ಶಾಲೆಯ ಕರಿ ಬೂಟಿನ ತುದಿಯಾದರೋ ಗಟ್ಟಿ, ಒತ್ತಿದರೆ ಏನೂ ತಿಳಿಯುವುದಿಲ್ಲ.

ಬೂಟಿನೊಳಗಿನ ಅಟ್ಟೆ ಬಿಚ್ಚಿ ಬರುವಂಥದಾದರೆ ಅದನ್ನು ಹೊರಗೆ ತೆಗೆದು ನೆಲದ ಮೇಲಿಟ್ಟು, ಅದರ ಹಿಂಬದಿಗೆ ಹಿಮ್ಮಡಿ ಕೂಡಿಸಿ ಮಗುವನ್ನು ನಿಲ್ಲಿಸಿರಿ. ಮುಂದೆ ಎಷ್ಟು ಜಾಗ ಉಳಿಯಿತು, ಬದಿಗಳಲ್ಲಿ ಪಾದ ಹೊರಚಾಚಿದೆಯೇ ಎಂಬುದೆಲ್ಲ ಕಣ್ಣಿಗೇ ಕಾಣುತ್ತದೆ. ಅಟ್ಟೆ ಅಂಟಿಸಿದ್ದರೆ, ಲೇಸು ಕಟ್ಟದೆ ಬೆರಳುಗಳು ಮುಂದೆ ತಾಗುವವರೆಗೆ ಪಾದವನ್ನು ಸರಿಸಿ ಹಿಮ್ಮಡಿಯ ಹಿಂದೆ ನಿಮ್ಮ ಕಿರುಬೆರಳು ಇಳಿಸಿ ನೋಡಿ. ಸರಾಗವಾಗಿ ಇಳಿಯಬೇಕು, ಎರಡು ಬೆರಳು ಇಳಿಯಬಾರದು. ಆಮೇಲೆ ಎರಡೂ ಬೂಟು ಕಟ್ಟಿ ಅಂಗಡಿಯೊಳಗೆ ಐದು ನಿಮಿಷ ನಡೆಸಿ, ಒಂದಿಷ್ಟು ಓಡಿಸಿ, ಹಿಂದಿನಿಂದ ನೋಡಿರಿ: ಹೆಜ್ಜೆ ಎತ್ತಿದಾಗ ಹಿಮ್ಮಡಿ ಬೂಟಿನಿಂದ ಮೇಲೇಳಬಾರದು. ಬೂಟು ಕಳಚಿ ಕಾಲುಚೀಲವನ್ನೂ ಇಳಿಸಿದರೆ, ಕೆಂಪು ಗುರುತು ಮೂಡಿದ ಕಡೆ ಅದು ಕಚ್ಚುತ್ತದೆ. "ಹಾಕ್ತಾ ಹಾಕ್ತಾ ಸಡಿಲ ಆಗ್ತದ" ಎಂಬ ಮಾತನ್ನು ನಂಬಬೇಡಿ. ಚರ್ಮ ಕಾಲಕ್ರಮದಲ್ಲಿ ಕೊಂಚ ಮೆದುವಾಗುವುದುಂಟು, ಉದ್ದ ಯಾವ ಬೂಟಿನಲ್ಲೂ ಹೆಚ್ಚುವುದಿಲ್ಲ.

ಲೇಸ್ ಇರುವುದು ಒಳ್ಳೆಯದೋ, ಅಂಟುವ ಪಟ್ಟಿಯದೋ?

ಒಂದು, ಎರಡನೆಯ ತರಗತಿಯವರೆಗೆ ವೆಲ್ಕ್ರೋ ಪಟ್ಟಿಯದೇ ಸರಿ. ನಮ್ಮ ಅನೇಕ ಶಾಲೆಗಳಲ್ಲಿ ಬೂಟನ್ನು ಹೊರಗೆ ಬಿಟ್ಟು ತರಗತಿಯೊಳಗೆ ಬರುವ ರೂಢಿ ಇರುವುದರಿಂದ ಮಗು ದಿನಕ್ಕೆ ನಾಲ್ಕೈದು ಸಲ ಬೂಟು ಹಾಕಿ ತೆಗೆಯಬೇಕಾಗುತ್ತದೆ. ಲೇಸು ಕಟ್ಟಲು ಬಾರದ ಮಗು ಒಂದೇ ವಾರದಲ್ಲಿ ಹಿಂಬದಿಯನ್ನು ತುಳಿದು ಚಪ್ಪಲಿ ಮಾಡಿಕೊಳ್ಳುತ್ತದೆ. ಆರೇಳು ವರ್ಷಕ್ಕೆ ಲೇಸು ಕಲಿಸಬಹುದು. ಕಟ್ಟೂ ಪಟ್ಟಿಯೂ ಇಲ್ಲದ, ಹಾಗೆಯೇ ಕಾಲು ತೂರಿಸುವ ಬೂಟು ಬೇಡ: ಅದು ಕಾಲಿಗೆ ನಿಲ್ಲಬೇಕಾದರೆ ಬಿಗಿಯಾಗಿಯೇ ಇರಬೇಕಾಗುತ್ತದೆ. ಒಳಗೆ ಮಗುವಿನ ಹೆಸರು ಬರೆಯಲು ಮರೆಯಬೇಡಿ, ಎಲ್ಲರ ಬೂಟೂ ಕರಿಯವೇ.

ಸೋಲ್ ಹ್ಯಾಂಗಿರಬೇಕು? ದಪ್ಪ ಇದ್ರ ಗಟ್ಟಿ ಅಲ್ಲೇನ್ರಿ?

ಬೂಟನ್ನು ಕೈಯಲ್ಲಿ ಹಿಡಿದು ಮೂರು ಕಡೆ ಪರೀಕ್ಷಿಸಿ. ಬೆರಳುಗಳು ಮಡಿಯುವ ಜಾಗದಲ್ಲಿ ಅದು ಸುಲಭವಾಗಿ ಬಾಗಬೇಕು, ನಡುಮಧ್ಯದಲ್ಲಿ ಬಾಗಬಾರದು. ಒದ್ದೆ ಬಟ್ಟೆ ಹಿಂಡುವಂತೆ ತಿರುಚಿದರೆ ಪೂರ್ತಿ ತಿರುಚಿಕೊಳ್ಳಬಾರದು. ಹಿಮ್ಮಡಿಯ ಸುತ್ತಲಿನ ಗೋಡೆ ಒತ್ತಿದರೆ ಕುಸಿಯಬಾರದು. ಸೋಲು ದಪ್ಪವಾಗಿ ಭಾರವಾದಷ್ಟೂ ಮಗುವಿನ ಹೆಜ್ಜೆ ಸೋಲುತ್ತದೆ. ಎತ್ತರದ ಹಿಮ್ಮಡಿ ಬೇಡವೇ ಬೇಡ. ಕೆಳಗೆ ಗೀರುಗಳಿರುವ ರಬ್ಬರಿನಂಥ ಸೋಲಿರಲಿ, ಏಕೆಂದರೆ ಶಾಲೆಯ ವರಾಂಡದ ಫರಸಿ ನೀರು ಬಿದ್ದರೆ ಗಾಜಿನಂತೆ ಜಾರುತ್ತದೆ.

ನಮ್ಮ ಮಗನ ಪಾದ ಅಗಲ. ಯಾವ ಬೂಟು ಹಾಕಿದರೂ ಕಿರುಬೆರಳು ಕಚ್ಚುತ್ತದೆ. ಅವನ ಕಾಲಿನಲ್ಲೇ ದೋಷವೇ?

ದೋಷ ನಂಬರಿನ ಲೆಕ್ಕದಲ್ಲಿದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆಯಿತು. ಭಾರತೀಯರ ಪಾದ ಯುರೋಪು, ಅಮೆರಿಕಗಳವರದಕ್ಕಿಂತ ಅಗಲವೆಂದೂ, ಇಕ್ಕಟ್ಟಾದ ಬೂಟಿನಿಂದ ತಪ್ಪಿಸಿಕೊಳ್ಳಲು ಜನರು ಬೇಕಾದ್ದಕ್ಕಿಂತ ಉದ್ದನೆಯದನ್ನು ಕೊಳ್ಳುತ್ತಾರೆಂದೂ ಅದರಿಂದ ತಿಳಿದುಬಂತು. 'ಭಾ' ಎಂಬ ಹೆಸರಿನಲ್ಲಿ ಸೂಚಿಸಲಾದ ಭಾರತೀಯ ಅಳತೆಯಲ್ಲಿ 4ರಿಂದ 6 ಮತ್ತು 7ರಿಂದ 11 ವರ್ಷದ ಮಕ್ಕಳಿಗೆ ಬೇರೆಬೇರೆ ವಿಭಾಗಗಳಿವೆ.

ಈಗ ಮಾಡಬಹುದಾದದ್ದೆಂದರೆ, ಮುಂಭಾಗ ಚೂಪಾಗಿರದೆ ದುಂಡಗಿರುವ ಬೂಟನ್ನೇ ಕೇಳುವುದು ಮತ್ತು ಒಂದೇ ಅಂಗಡಿಯಲ್ಲಿ ಎರಡು ಮೂರು ಕಂಪನಿಯವನ್ನು ಹಾಕಿಸಿ ನೋಡುವುದು. ಲೇಸಿನ ಬೂಟಾದರೆ ಬೆರಳುಗಳ ಕಡೆಯ ಮೊದಲ ಜೋಡಿ ರಂಧ್ರಗಳನ್ನು ಬಿಟ್ಟು ಮೇಲಿನಿಂದ ಲೇಸು ಪೋಣಿಸಿದರೆ ಅಗಲಕ್ಕೆ ಒಂದಿಷ್ಟು ಆಸ್ಪದ ಸಿಗುತ್ತದೆ. ಅಗಲಕ್ಕಾಗಿ ಉದ್ದ ಹೆಚ್ಚಿಸಿದರೆ ಬೂಟು ಬಾಗುವ ಜಾಗವೂ ಬೆರಳು ಬಾಗುವ ಜಾಗವೂ ಬೇರೆಯಾಗಿ ಹೊಸ ತೊಂದರೆ ಶುರುವಾಗುತ್ತದೆ.

## ನಮ್ಮ ಬಿಸಿಲು, ನಮ್ಮ ಮಳೆ, ದಿನನಿತ್ಯದ ಬಳಕೆ

ನಮ್ಮ ಕಡೆ ಬಿಸಿಲಾಗ ಕರಿ ಬೂಟ್ ಹಾಕ್ಸಿದ್ರ ಕಾಲ್ ಬೆಂದ್ಹೋಗ್ತಾವ. ಯಾವುದು ತಂಪು?

ಮೇ ತಿಂಗಳಿನಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಆ ತಿಂಗಳ ಕೊನೆಗೇ ಶಾಲೆ ತೆರೆಯುವಾಗ, ಈ ದೂರು ಸಹಜವೇ. ರೆಕ್ಸಿನ್ ಗಾಳಿಯಾಡಗೊಡುವುದಿಲ್ಲ, ಬೆವರು ಒಳಗೇ ನಿಲ್ಲುತ್ತದೆ. ಚರ್ಮ ಅದಕ್ಕಿಂತ ಮೇಲು, ಬೆಲೆ ಹೆಚ್ಚು. ಬಟ್ಟೆಯ ಬೂಟು ಎಲ್ಲಕ್ಕಿಂತ ತಂಪು, ಆದರೆ ಅದನ್ನು ಎಲ್ಲ ಶಾಲೆಗಳು ಒಪ್ಪುವುದಿಲ್ಲ. ರೆಕ್ಸಿನ್ನೇ ಗತಿಯಾದರೆ ಬದಿಗಳಲ್ಲಿ ಸಣ್ಣ ರಂಧ್ರಗಳಿರುವುದನ್ನೂ, ಒಳಗೆ ಬಟ್ಟೆಯ ಅಸ್ತರಿರುವುದನ್ನೂ ಆರಿಸಿರಿ. ಬೂಟಿಗಿಂತ ಕಾಲುಚೀಲದಿಂದ ಆಗುವ ವ್ಯತ್ಯಾಸ ದೊಡ್ಡದು: ಹತ್ತಿ ಹೆಚ್ಚಿರುವ, ದಿನವೂ ತೊಳೆದ ಕಾಲುಚೀಲ ಬೇಕು, ಬೆರಳುಗಳ ಮೇಲೆ ದಪ್ಪ ಹೊಲಿಗೆ ಇರಬಾರದು. ಬೂಟು ಸರಿಯಿದ್ದೂ ಚಿಕ್ಕದಾದ ಕಾಲುಚೀಲ ಬೆರಳುಗಳನ್ನು ಎಳೆದು ಮುದುಡಿಸಿದ ಪ್ರಸಂಗಗಳೂ ಉಂಟು.

ಶಾಲೆಯಿಂದ ಬಂದ ಮೇಲೆ ಕಾಲು ತೊಳೆದು ಬೆರಳ ಸಂದುಗಳನ್ನು ಒಣ ಬಟ್ಟೆಯಿಂದ ಒರೆಸಿ ಬರಿಗಾಲಿನಲ್ಲಿ ಆಡಲು ಬಿಡಿ. ಮನೆಯೊಳಗಿನ ಬರಿಗಾಲು ಪಾದದ ಸ್ನಾಯುಗಳಿಗೆ ಒಳ್ಳೆಯದು. ಹೊಲದ ದಾರಿಯಲ್ಲಿ ಜಾಲಿಮುಳ್ಳು ಇರುವುದರಿಂದ ಅಲ್ಲಿಗೆ ಈ ಮಾತು ಸಲ್ಲದು.

ಮಳೆಗಾಲದಾಗ ಬೂಟ್ ಒಣಗೂದೇ ಇಲ್ಲ. ಒಲಿ ಮುಂದ ಇಡಬಹುದೇನು?

ಬೇಡ. ಒಲೆಯ ಕಾವಿಗೂ ಸುಡುಬಿಸಿಲಿಗೂ ಅಂಟು ಬಿಡುತ್ತದೆ, ರೆಕ್ಸಿನ್ ಸೀಳುತ್ತದೆ. ಎರೆಮಣ್ಣು ಹಸಿಯಿರುವಾಗಲೇ ಸೋಲಿನ ಗೀರುಗಳಿಂದ ಕಡ್ಡಿಯಲ್ಲಿ ಕೆದಕಿ ತೆಗೆಯಬೇಕು; ಒಣಗಿದರೆ ಕಲ್ಲಾಗುತ್ತದೆ, ಮಗು ಅರ್ಧ ಹೊಲವನ್ನೇ ಹೊತ್ತು ನಡೆದಂತಾಗುತ್ತದೆ. ಆಮೇಲೆ ಒಳಗೆ ಹಳೆಯ ಪತ್ರಿಕೆಯ ಹಾಳೆ ತುರುಕಿ ಗಾಳಿಯಲ್ಲಿಟ್ಟು, ಹಾಳೆ ಒದ್ದೆಯಾದಂತೆ ಬದಲಿಸಿದರೆ ಬೆಳಗಾಗುವಷ್ಟರಲ್ಲಿ ಬಹುಮಟ್ಟಿಗೆ ಒಣಗಿರುತ್ತದೆ. ಬೆಳಿಗ್ಗೆ ಹಾಕಿಸುವ ಮೊದಲು ತಲೆಕೆಳಗು ಮಾಡಿ ಕೊಡವಿರಿ. ಚೇಳು ಬೂಟಿನೊಳಗೆ ಅಡಗುವುದು ನಮ್ಮ ಕಡೆ ಬರಿ ಕಥೆಯಲ್ಲ.

ಅಣ್ಣನ ಬೂಟನ್ನು ತಮ್ಮನಿಗೆ ಹಾಕಿಸಬಹುದೇ?

ಅಣ್ಣ ಮೂರ್ನಾಲ್ಕು ತಿಂಗಳಷ್ಟೇ ಹಾಕಿದ್ದು, ಸೋಲು ಸಮನಾಗಿದ್ದು, ಒಳಗೆ ಬೆರಳುಗಳ ಕುಳಿ ಬಿದ್ದಿರದಿದ್ದರೆ ಧಾರಾಳವಾಗಿ ಹಾಕಿಸಬಹುದು. ಬೂಟನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದಾಗ ಒಂದು ಬದಿಗೆ ವಾಲಿದ್ದರೆ ಬೇಡ, ಅದು ಅಣ್ಣನ ನಡಿಗೆಗೆ ಒಗ್ಗಿಹೋಗಿದೆ. ಕಾಲುಚೀಲ ಮಾತ್ರ ಹೊಸದಿರಲಿ.

## ಸರ್ಕಾರಿ ಶಾಲೆಯ ಬೂಟು

ಸಾಲ್ಯಾಗ ಕೊಡೋ ಬೂಟ್ ಬರೋಬ್ಬರಿ ಬರಂಗಿಲ್ಲ. ಯಾರಿಗಿ ಹೇಳಬೇಕ್ರಿ?

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅಂದರೆ ಎಸ್‌ಡಿಎಂಸಿಗೆ ಹೇಳಬೇಕು. ಅದರ ಸದಸ್ಯರಲ್ಲಿ ನಿಮ್ಮಂಥ ಪಾಲಕರೇ ಇರುತ್ತಾರೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದು ಜೊತೆ ಕರಿ ಬೂಟು, ಎರಡು ಜೊತೆ ಕಾಲುಚೀಲ ಕೊಡುವ ಯೋಜನೆಯಲ್ಲಿ ಹಣ ಶಾಲೆಗೆ ಬರುತ್ತದೆ, ಖರೀದಿಯನ್ನು ಸಮಿತಿ ಮಾಡುತ್ತದೆ. 2022–23ರಲ್ಲಿ ಒಬ್ಬ ವಿದ್ಯಾರ್ಥಿಗೆ 1ರಿಂದ 5ನೆಯ ತರಗತಿಗೆ 265 ರೂಪಾಯಿ, 6ರಿಂದ 8ಕ್ಕೆ 295, 9 ಮತ್ತು 10ಕ್ಕೆ 325 ರೂಪಾಯಿ ನಿಗದಿಯಾಗಿತ್ತು. ಅಷ್ಟು ಹಣದಲ್ಲಿ ಚರ್ಮದ ಬೂಟು ನಿರೀಕ್ಷಿಸಲಾಗದು, ಆದರೆ ಅಳತೆಗೆ ಸರಿಯಾದ ಬೂಟನ್ನು ಖಂಡಿತ ಕೇಳಬಹುದು.

ಇದರಲ್ಲಿ ನನ್ನದೂ ಒಂದು ತಪ್ಪಿದೆ. ಒಂದು ವರ್ಷ ನಾವು ಹಾಜರಿ ಪುಸ್ತಕ ಮುಂದಿಟ್ಟುಕೊಂಡು "ಒಂದನೆಯ ತರಗತಿಗೆ ಇಂಥ ನಂಬರು" ಎಂದು ಅಂದಾಜಿನ ಪಟ್ಟಿ ಕೊಟ್ಟೆವು. ಒಂದೇ ತರಗತಿಯ ಮಕ್ಕಳ ಪಾದಗಳಲ್ಲಿ ಮೂರು ನಾಲ್ಕು ನಂಬರಿನ ಅಂತರವಿರುತ್ತದೆಂದು ನಮಗೆ ಹೊಳೆಯಲೇ ಇಲ್ಲ. ಬದಲಿಸಿ ಮುಗಿಸುವಷ್ಟರಲ್ಲಿ ಗಣೇಶ ಚೌತಿ ಬಂದಿತ್ತು. ಮರುವರ್ಷ ಎರಡು ಮಧ್ಯಾಹ್ನ ಕೂತು ಪ್ರತಿಯೊಂದು ಮಗುವಿನ ಪಾದ ಅಳೆದು ಪಟ್ಟಿ ಮಾಡಿದೆವು, ಬದಲಿಸಬೇಕಾದವು ಬೆರಳೆಣಿಕೆಯಷ್ಟೇ ಉಳಿದವು. ನೀವು ಮನೆಯಲ್ಲಿ ತೆಗೆದ ಅಳತೆಯ ಹಾಳೆಯನ್ನು ಖರೀದಿಗೆ ಮುಂಚೆಯೇ ಶಿಕ್ಷಕರ ಕೈಗೆ ಕೊಟ್ಟರೆ ಅವರಿಗೂ ಕೆಲಸ ಹಗುರ.

## ಪಾದದ ತೊಂದರೆ ಇದ್ದಾಗ

ಮಗಳ ಅಂಗಾಲು ಸಪಾಟ ಅದ. ವಿಶೇಷ ಬೂಟು ಹಾಕಿಸಬೇಕಾ?

ಚಿಕ್ಕ ಮಕ್ಕಳ ಅಂಗಾಲು ಚಪ್ಪಟೆಯಾಗಿ ಕಾಣುವುದು ಸಹಜ. ಬಹಳ ಮಕ್ಕಳಲ್ಲಿ ಆರೇಳು ವರ್ಷದವರೆಗೆ ಕಮಾನು ನಿಧಾನವಾಗಿ ಮೂಡುತ್ತದೆ. ಮಗುವನ್ನು ತುದಿಗಾಲಿನ ಮೇಲೆ ನಿಲ್ಲಿಸಿ ನೋಡಿ. ಆಗ ಕಮಾನು ಕಾಣಿಸಿಕೊಂಡರೆ, ನೋವೂ ಇಲ್ಲದಿದ್ದರೆ, ವಿಶೇಷ ಬೂಟಿನ ಅಗತ್ಯವಿಲ್ಲ. ಒಳಗೆ ಉಬ್ಬಿನ ಅಟ್ಟೆ ಇಟ್ಟರೆ ಕಮಾನು ಬೆಳೆಯುತ್ತದೆಂಬುದು ನಿಜವಲ್ಲ. ಮೂರು ನಾಲ್ಕು ವರ್ಷದ ಮಕ್ಕಳ ಮಂಡಿಗಳು ಒಂದಕ್ಕೊಂದು ತಾಗುವಂತಿರುವುದು ಕೂಡ ಸಾಮಾನ್ಯವಾಗಿ ಏಳೆಂಟು ವರ್ಷದೊಳಗೆ ತಾನೇ ಸರಿಹೋಗುತ್ತದೆ. ತುದಿಗಾಲಿನಲ್ಲಿ ನಿಂತರೂ ಕಮಾನು ಮೂಡದಿದ್ದರೆ, ಒಂದೇ ಕಾಲು ಚಪ್ಪಟೆಯಾಗಿದ್ದರೆ ಅಥವಾ ನಡೆದಾಗ ನೋವಾದರೆ ಎಲುಬಿನ ವೈದ್ಯರಿಗೆ ತೋರಿಸಬೇಕು.

ಕಾಲ್ ನೋವು ಅಂದ್ರ ಬೂಟಿಂದೋ, ಬ್ಯಾರೆ ಏನರ ಅದನೋ, ಹ್ಯಾಂಗ ತಿಳೀಬೇಕು?

ಬೂಟಿನ ನೋವಾದರೆ ಬೂಟು ಕಳಚಿದ ಸ್ವಲ್ಪ ಹೊತ್ತಿಗೆ ಕಡಿಮೆಯಾಗುತ್ತದೆ ಮತ್ತು ನೋವಿನ ಜಾಗದಲ್ಲಿ ಕೆಂಪು, ಗುಳ್ಳೆ ಅಥವಾ ಗಟ್ಟಿ ಚರ್ಮ ಕಾಣುತ್ತದೆ. ಎರಡು ಮೂರು ದಿನ ಸಡಿಲ ಸ್ಯಾಂಡಲ್ಲಿನಲ್ಲಿ ಕಳಿಸಿದರೆ ಬಹುಪಾಲು ತಿಳಿದುಬಿಡುತ್ತದೆ. ಶಿಕ್ಷಕರಿಗೆ ಒಂದು ಚೀಟಿ ಬರೆದರೆ ಅವರು ಬೇಡವೆನ್ನುವುದಿಲ್ಲ. ರಜೆಯ ದಿನವೂ ಕುಂಟುವುದು, ನಿದ್ದೆಯಿಂದ ಎಬ್ಬಿಸುವ ನೋವು, ಒಂದೇ ಕಾಲಿನ ಬಾವು, ಜ್ವರದ ಜೊತೆಗಿನ ನೋವು, ಮೂರು ವರ್ಷ ದಾಟಿದ ಮೇಲೂ ಸದಾ ತುದಿಗಾಲಿನಲ್ಲೇ ನಡೆಯುವುದು, ಇವು ಬೂಟು ಬದಲಿಸಿ ಕಾಯುವ ಸಂಗತಿಗಳಲ್ಲ. ಆಣಿ ಆಗಿದ್ದರೆ ಬ್ಲೇಡಿನಿಂದ ಕೆತ್ತಬೇಡಿ. ಹೆಬ್ಬೆರಳಿನ ಉಗುರನ್ನು ಮೂಲೆಗಳಲ್ಲಿ ಒಳಗೆ ಸುತ್ತಿ ಕತ್ತರಿಸದೆ ನೇರವಾಗಿ ಕತ್ತರಿಸಿರಿ. ಇಕ್ಕಟ್ಟಿನ ಬೂಟಿನಲ್ಲಿ ಮೂಲೆಯ ಉಗುರು ಮಾಂಸಕ್ಕೆ ನಾಟಿಕೊಳ್ಳುತ್ತದೆ.

ಮಗನಿಗೆ ಹುಟ್ಟಿನಿಂದ ಪಾದ ಒಳಗೆ ತಿರುಚಿತ್ತು, ಪ್ಲಾಸ್ಟರ್ ಹಾಕಿ ಸರಿ ಮಾಡಿದ್ದಾರೆ. ಶಾಲೆಗೆ ಸಾಮಾನ್ಯ ಬೂಟು ನಡೆಯುತ್ತದೆಯೇ?

ಪ್ಲಾಸ್ಟರ್ ಚಿಕಿತ್ಸೆಯಿಂದ ಚೆನ್ನಾಗಿ ಸರಿಹೋದ ಪಾದಕ್ಕೆ ಹಗಲಿನಲ್ಲಿ ಸಾಮಾನ್ಯ ಬೂಟು ನಡೆಯುತ್ತದೆ. ಆದರೆ ಆ ಪಾದ ಇನ್ನೊಂದಕ್ಕಿಂತ ಚಿಕ್ಕದೂ ಮೀನಖಂಡ ತೆಳ್ಳಗೂ ಇರುವುದುಂಟು. ದೊಡ್ಡ ಪಾದದ ಅಳತೆಗೆ ಬೂಟು ಕೊಂಡು, ಚಿಕ್ಕ ಪಾದದ ಬೂಟಿಗೆ ಇನ್ನೊಂದು ಅಟ್ಟೆ ಸೇರಿಸಿ ಹಿಡಿತ ತರಬೇಕು. ವ್ಯತ್ಯಾಸ ಒಂದು ನಂಬರಿಗಿಂತ ಹೆಚ್ಚಿದ್ದರೆ ಎರಡು ಜೊತೆ ಕೊಳ್ಳದೆ ದಾರಿಯಿಲ್ಲ. ರಾತ್ರಿ ತೊಡಿಸಲು ವೈದ್ಯರು ಕೊಟ್ಟ, ನಡುವೆ ಪಟ್ಟಿಯಿಂದ ಒಂದಕ್ಕೊಂದು ಜೋಡಿಸಿದ ಬೂಟುಗಳನ್ನು ಅವರು ಹೇಳುವವರೆಗೆ, ಸಾಮಾನ್ಯವಾಗಿ ನಾಲ್ಕು ವರ್ಷದವರೆಗೆ, ಬಿಡಬಾರದು. ಹಗಲಿನ ಬೂಟು ಎಷ್ಟೇ ಚೆನ್ನಾಗಿದ್ದರೂ ಅದು ಇದರ ಬದಲಿಯಲ್ಲ. ಪಾದ ಮತ್ತೆ ಒಳಗೆ ತಿರುಗುತ್ತಿದ್ದರೆ ಬೂಟಿನ ಹೊರ ಅಂಚು ಬೇಗ ಸವೆಯುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ಸೋಲನ್ನು ತಿರುಗಿಸಿ ನೋಡಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಈ ತೊಂದರೆಯ ತಪಾಸಣೆ ಮತ್ತು ಚಿಕಿತ್ಸೆ ಸೇರಿದೆ. ಅದರ ವೈದ್ಯರ ತಂಡ ಶಾಲೆಗೂ ಅಂಗನವಾಡಿಗೂ ಬರುತ್ತದೆ; ಬಂದ ದಿನ ಮಗುವನ್ನಷ್ಟೇ ಅಲ್ಲ, ಅದು ಹಾಕಿ ಸವೆಸಿದ ಹಳೆಯ ಬೂಟನ್ನೂ ಚೀಲದಲ್ಲಿಟ್ಟು ಕಳಿಸಿರಿ.